ಮಿಶನರಿ ಮನೆಯ ಸ್ತೋತ್ರದ ಲೆಕ್ಕ

1929ರ ಜೂನ್ ತಿಂಗಳಲ್ಲಿ ಲಂಡನ್ನಿನ ಒಂದು ಮನೆಗೆ ತಂತಿ ಬಂತು. ತಮಿಳುನಾಡಿನ ಕೊಲ್ಲಿಮಲೈ ಬೆಟ್ಟದಲ್ಲಿ ಮಿಶನರಿಯಾಗಿದ್ದ ಜೆಸ್ಸಿ ಬ್ರ್ಯಾಂಡ್ ಜ್ವರದಿಂದ ತೀರಿಕೊಂಡ ಸುದ್ದಿ ಅದು. ಮಲೇರಿಯಾ ವಿಕೋಪಕ್ಕೆ ಹೋಗಿ ಮೂತ್ರ ಕಪ್ಪಾಗುವ, ಆ ಕಾಲದಲ್ಲಿ ಎಷ್ಟೋ ಜನರ ಜೀವ ತೆಗೆದ ಜ್ವರ. ಮಗ ಪಾಲ್‌ಗೆ ಆಗ ಇನ್ನೂ ಹದಿನೈದು ತುಂಬಿರಲಿಲ್ಲ. ಓದಿಗೆಂದು ತಂಗಿಯ ಜೊತೆ ಅವನನ್ನು ಇಂಗ್ಲೆಂಡಿನಲ್ಲಿ ತಾಯಿಯ ಅಕ್ಕತಂಗಿಯರ ಬಳಿ ಬಿಟ್ಟಿದ್ದರು. ಅಪ್ಪನನ್ನು ಅವನು ಕೊನೆಯ ಸಲ ನೋಡಿದ್ದು ಒಂಬತ್ತನೆಯ ವಯಸ್ಸಿನಲ್ಲಿ.

ತಂತಿ ಬಂದ ಮೇಲೂ ಅಪ್ಪನ ಕಾಗದಗಳು ಬರುತ್ತಲೇ ಇದ್ದವು. ತಂತಿಗೆ ಒಂದು ದಿನ ಸಾಕು, ಹಡಗಿನ ಅಂಚೆಗೆ ವಾರಗಟ್ಟಲೆ ಬೇಕು. ಸತ್ತ ಸುದ್ದಿ ಮೊದಲು ಮುಟ್ಟಿತು. ಬದುಕಿದ್ದಾಗ ಬರೆದದ್ದು ಆಮೇಲೆ. ಆ ಕಾಗದಗಳಲ್ಲಿ ಉಪದೇಶಕ್ಕಿಂತ ಹೆಚ್ಚಾಗಿ ಇದ್ದದ್ದು ಬೆಟ್ಟದ ಮರಗಳು, ಹುಳಹುಪ್ಪಟೆ, ಹಕ್ಕಿಗಳು, ಕಾಡಿನ ದಾರಿಯಲ್ಲಿ ನಡೆಯುವಾಗ ಕಣ್ಣಿಗೆ ಬಿದ್ದ ಸಣ್ಣಪುಟ್ಟ ಸಂಗತಿಗಳು, ಅವನ್ನೆಲ್ಲ ಮಾಡಿದವನ ಬಗ್ಗೆ ಒಂದು ಬೆರಗು. ದೂರದ ಮಕ್ಕಳಿಗೆ ಅಪ್ಪನೊಬ್ಬ ತನ್ನ ದಿನದ ಸುಖಗಳನ್ನು ಒಂದೊಂದಾಗಿ ಎಣಿಸಿ ಒಪ್ಪಿಸುತ್ತಿದ್ದ ವರದಿ ಅದು. ಮುಂದೆ ಜಗತ್ತಿಗೇ ಗೊತ್ತಾದ ವೈದ್ಯನಾದ ಪಾಲ್ ಬ್ರ್ಯಾಂಡ್ ಇದನ್ನು ಬಾಳಿನುದ್ದಕ್ಕೂ ನೆನೆಯುತ್ತಿದ್ದರು.

ದಿನದಿನದ ದಯೆಗಳನ್ನು ಎಣಿಸಬೇಕೆನ್ನುವುದು ಕ್ರೈಸ್ತರ ಮನೆಗಳಲ್ಲಿ ಹಳೆಯ ರೂಢಿ. 103ನೆಯ ಕೀರ್ತನೆ ದೇವರ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡವೆಂದು ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳುತ್ತದೆ. ಅಮೆರಿಕದ ಜಾನ್ಸನ್ ಓಟ್‌ಮನ್ 1897ರಲ್ಲಿ ಬರೆದ, ವರಗಳನ್ನು ಹೆಸರಿಟ್ಟು ಎಣಿಸಲು ಹೇಳುವ ಹಾಡು ಇಂಗ್ಲಿಷ್ ಬಲ್ಲ ಸಭೆಗಳಲ್ಲೆಲ್ಲ ಇವತ್ತಿಗೂ ಕೇಳಿಬರುತ್ತದೆ. ನಮ್ಮ ಕನ್ನಡ ಸಭೆಗಳಲ್ಲಿ ಹೇಗೆಂದು ಭಾನುವಾರದ ಆರಾಧನೆಗೆ ಹೋದವರಿಗೆ ಗೊತ್ತು. ಮಗಳಿಗೆ ನೌಕರಿ ಸಿಕ್ಕಿದ್ದಕ್ಕೆ, ಆಪರೇಷನ್ ಸಸೂತ್ರವಾಗಿ ಆದದ್ದಕ್ಕೆ, ಹೊಸ ಬಾವಿಯಲ್ಲಿ ನೀರು ಬಂದದ್ದಕ್ಕೆ ಕೃತಜ್ಞತಾ ಕಾಣಿಕೆ ಕೊಟ್ಟವರ ಹೆಸರನ್ನು ಸಭಾಪಾಲಕರು ಓದುತ್ತಾರೆ. ಸುಗ್ಗಿಯ ಹಬ್ಬದ ದಿನ ಬಾಳೆಗೊನೆ, ತೆಂಗಿನಕಾಯಿ, ಕುಂಬಳ, ಕೋಳಿ ಎಲ್ಲ ಪೀಠದ ಮುಂದೆ ಬಂದು ಆಮೇಲೆ ಹರಾಜಾಗುತ್ತವೆ; ಒಂದು ಕುಂಬಳಕಾಯಿಗೆ ಪೈಪೋಟಿಯಲ್ಲಿ ಸಂತೆಯ ಹತ್ತುಪಟ್ಟು ಬೆಲೆ ಏರಿದರೂ ಅಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸ್ವಂತ ಊರಿನಲ್ಲಿ, ನೆಂಟರಿಷ್ಟರ ನಡುವೆ ಕೂತು ಮಾಡುವ ಎಣಿಕೆ ಇದು. ಮಿಶನರಿ ಮನೆಯದು ಬೇರೆ. ಪರದೇಶ, ಪರಭಾಷೆ, ಕೈಯಲ್ಲಿ ಹಣವಿಲ್ಲ, ಹತ್ತಿರದಲ್ಲಿ ವೈದ್ಯರಿಲ್ಲ, ಮಕ್ಕಳು ಕಡಲಾಚೆ. ಅಂಥಲ್ಲಿ ಏನನ್ನು ಎಣಿಸಿದರು, ಏನನ್ನು ಎಣಿಸದೆ ಬಿಟ್ಟರು ಎಂಬುದು ನನಗೆ ಅವರ ದೇವಶಾಸ್ತ್ರಕ್ಕಿಂತ ಕುತೂಹಲದ ವಿಷಯ. ಬಿಟ್ಟದ್ದೇನು ಎಂಬುದು ಇನ್ನೂ ಹೆಚ್ಚು.

ನಮಗೆ ಹತ್ತಿರದ ಉದಾಹರಣೆ ಮಂಗಳೂರಿನದು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ ಕಳಿಸಿದ ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಆಮೇಲೆ ಬಂದ ಮೊಗ್ಲಿಂಗ್, ವೈಗ್ಲೆ, ಕಿಟ್ಟೆಲ್ ಇವರನ್ನೆಲ್ಲ ಶಾಲೆಯ ಪಾಠದಲ್ಲಿ ಓದಿಯೇ ಇದ್ದೇವೆ. ಮೊದಲ ಕನ್ನಡ ಪತ್ರಿಕೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ, ನಿಘಂಟು ಎಂದರೆ ಸಾಕು, ಯಾರಾದರೂ ಅರ್ಧ ಗಂಟೆ ಮಾತಾಡಬಲ್ಲರು. ಆ ಬಂಗಲೆಗಳ ಅಡುಗೆಮನೆ, ಬಾಣಂತಿಕೋಣೆಗಳ ಕಡೆಗೆ ಮಾತ್ರ ನಮ್ಮ ವಿದ್ವತ್ತು ಅಷ್ಟಾಗಿ ತಲೆಹಾಕಲಿಲ್ಲ.

ಅಲ್ಲಿಗೆ ಹೆಂಡತಿಯರು ಬಂದ ಬಗೆಯನ್ನೇ ನೋಡಿ. ಬಾಸೆಲ್ ಮಿಶನ್ನಿನ ಕಟ್ಟಳೆಯಂತೆ ತರುಣ ಮಿಶನರಿ ಒಂಟಿಯಾಗಿಯೇ ಹೊರಡಬೇಕು. ಕೆಲವು ವರ್ಷ ದುಡಿದ ಮೇಲೆ ಮದುವೆಗೆ ಅನುಮತಿ ಬೇಡಬಹುದು. ಬಾಸೆಲ್ಲಿನ ಆಡಳಿತ ಸಮಿತಿ ಹೂಂ ಎಂದರೆ ಹುಡುಕಾಟ. ಎಷ್ಟೋ ಸಲ ಹುಡುಗಿ ಮುಖ ಕಾಣದ ಗಂಡಿನ ಬಳಿಗೆ ಹಡಗು ಹತ್ತುತ್ತಿದ್ದಳು. ಇಳಿದ ಕೆಲವೇ ದಿನಗಳಲ್ಲಿ ಮದುವೆ. ಹುಡುಗಿಯನ್ನು ನೋಡದೆ ಮದುವೆ ನಿಶ್ಚಯಿಸುವ ನಮ್ಮ ಅಜ್ಜಂದಿರ ಪದ್ಧತಿಯನ್ನು ಟೀಕಿಸಿ ಬರೆದ ಕೆಲವು ಮಿಶನರಿಗಳು ತಮ್ಮ ಸಂಸಾರ ಶುರುವಾದದ್ದೂ ಹಾಗೆಯೇ ಎಂಬುದನ್ನು ಯಾಕೋ ನೆನೆಯಲಿಲ್ಲ. ಮಿಶನ್ನಿನ ನೋಂದಣಿಯಲ್ಲಿ ಒಬ್ಬೊಬ್ಬ ಗಂಡಸಿಗೂ ಒಂದು ಸಂಖ್ಯೆಯಿತ್ತು. ಹೆಣ್ಣುಮಕ್ಕಳ ಶಾಲೆ, ಅನಾಥ ಮಕ್ಕಳ ವಸತಿ, ಹೊಲಿಗೆ ತರಗತಿ, ಕಾಯಿಲೆಯವರ ಆರೈಕೆ ಇವನ್ನೆಲ್ಲ ಹೊತ್ತ ಹೆಂಡತಿ ಗಂಡನ ಸಂಖ್ಯೆಯ ನೆರಳಿನಲ್ಲೇ ಉಳಿದಳು.

ಕಿಟ್ಟೆಲ್ ಅವರ ಮನೆಯ ಕತೆ ಕೇಳಿ. ಅವರು ಭಾರತಕ್ಕೆ ಬಂದದ್ದು 1853ರಲ್ಲಿ, ಪೌಲಿನಾ ಐತ್ ಅವರನ್ನು ಮದುವೆಯಾದದ್ದು 1860ರಲ್ಲಿ. ನಾಲ್ಕೇ ವರ್ಷಕ್ಕೆ ಪೌಲಿನಾ ತೀರಿಕೊಂಡರು. 1867ರಲ್ಲಿ ಕಿಟ್ಟೆಲ್ ಪೌಲಿನಾಳ ಒಡಹುಟ್ಟಿದವಳನ್ನೇ ಮದುವೆಯಾದರು. ಒಡಹುಟ್ಟಿದವಳನ್ನು ಬಲಿ ತೆಗೆದುಕೊಂಡ ನಾಡಿಗೆ ಸಂಸಾರ ಹೂಡಲು ಬಂದ ಆ ಹೆಣ್ಣಿನ ಮನಸ್ಸಿನಲ್ಲಿ ಏನಿತ್ತು? 1894ರಲ್ಲಿ ಹೊರಬಂದ ನಿಘಂಟಿನಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳಿವೆ. ಅದರ ಹಿಂದೆ ಈ ಇಬ್ಬರು ಹೆಂಗಸರೂ ಇದ್ದಾರೆ ಎಂದು ನಾವು ನಿಘಂಟಿನ ಸಭೆಗಳಲ್ಲಿ ಹೇಳುವುದಿಲ್ಲ.

ಇಂಥ ಮನೆಯಲ್ಲಿ ದಿನದ ದಯೆ ಎಂದರೆ ಏನಿರಬಹುದು? ಕರಾವಳಿಯ ಮಳೆಗಾಲವನ್ನು ನೆನೆಸಿಕೊಂಡರೆ ಅರ್ಧ ಉತ್ತರ ಸಿಗುತ್ತದೆ. ಜೂನ್ ಬಂತೆಂದರೆ ಕಡಲು ಕೆರಳಿ ಬಂದರು ಮುಚ್ಚಿಬಿಡುತ್ತಿತ್ತು. ಘಟ್ಟದ ದಾರಿ ಕೆಸರು, ಹೊಳೆಗಳೆಲ್ಲ ತುಂಬಿ ದೋಣಿಯೂ ಕಷ್ಟ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮೊದಲು ಆಫ್ರಿಕವನ್ನು ಸುತ್ತಿ ಬರುವ ಹಡಗಿಗೆ ಮೂರು ನಾಲ್ಕು ತಿಂಗಳು ಹಿಡಿಯುತ್ತಿತ್ತು. ತಾಯಿಗೆ ಹುಷಾರಿಲ್ಲ ಎಂದು ಓದಿ ಕಣ್ಣೀರಿಡುವ ಹೊತ್ತಿಗೆ ಆಕೆ ಗುಣವಾಗಿ ಮೊಮ್ಮಕ್ಕಳ ಮದುವೆಗೆ ಓಡಾಡುತ್ತಿರಬಹುದು, ಇಲ್ಲವೇ ಮಣ್ಣಾಗಿ ತಿಂಗಳುಗಳಾಗಿರಬಹುದು. ಆಟಿಯ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ, ಗೋಧಿಯಿಲ್ಲದ ನಾಡಿನಲ್ಲಿ ತರಿಸಿಟ್ಟ ಹಿಟ್ಟಿಗೆ ಹುಳ ಬೀಳುತ್ತದೆ, ಬ್ರೆಡ್ಡಿಗೆ ಹುಳಿ ಬರಿಸಲು ಕಳ್ಳೇ ಗತಿ. ಮದ್ಯಪಾನದ ವಿರುದ್ಧ ಕಟುವಾಗಿ ಬೋಧಿಸುವ ಮನೆಯ ರೊಟ್ಟಿ ಉಬ್ಬುತ್ತಿದ್ದದ್ದು ಮೂರ್ತೆಗಾರ ಇಳಿಸಿದ ಕಳ್ಳಿನಿಂದ! ಒಂದು ಬಿಸಿಲಿನ ದಿನ, ಹುಳವಿಲ್ಲದ ಹಿಟ್ಟು, ಜ್ವರ ಇಳಿದ ಮಗು, ಮುದ್ರೆಯೊಡೆಯದ ಲಕೋಟೆ, ನೀಲಗಿರಿಯ ಕೇತಿಯ ತಂಪಿನಲ್ಲಿ ಸುಧಾರಿಸಿಕೊಳ್ಳಲು ಸಿಕ್ಕ ಕೆಲವು ವಾರ: ಇವು ಸ್ತೋತ್ರಕ್ಕೆ ಸಾಕಾದ ಕಾರಣಗಳು.

ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಿಂದ ಬಂದ ಈ ಭಕ್ತ ಮನೆತನಗಳಿಗೆ ಇನ್ನೊಂದು ರೂಢಿ ಗೊತ್ತಿತ್ತು. ಹೆರ್ನ್‌ಹುಟ್ ಊರಿನ ಮೊರೇವಿಯನ್ ಸಹೋದರರು 1731ರಿಂದ ಪ್ರತಿ ವರ್ಷ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸುತ್ತ ಬಂದಿದ್ದಾರೆ. ದಿನಕ್ಕೊಂದು ಬೈಬಲ್ ವಚನ, ಅದೂ ಚೀಟಿ ಎತ್ತಿ ಆರಿಸಿದ್ದು. ಊರಿನ ಅಜ್ಜಿಯ ಮೇಜಿನ ಮೇಲಿನ ಪುಸ್ತಕದಲ್ಲಿ ಇವತ್ತಿಗೆ ಯಾವ ವಚನವೋ ಕಡಲಾಚೆಯ ಪ್ರತಿಯಲ್ಲೂ ಅದೇ. ತಿಂಗಳುಗಟ್ಟಲೆಯ ಅಂಚೆಯ ಅಂತರವನ್ನು ಒಂದು ಸಾಲು ದಾಟಿಬಿಡುತ್ತಿತ್ತು. ನಂಬಿಕೆಯಿಲ್ಲದವರಿಗೂ ಇದು ಜಾಣ ಏರ್ಪಾಡೆನಿಸಬೇಕು.

ಹಣದ ಮಾತನ್ನೂ ಆಡಿಬಿಡೋಣ. ಮಿಶನರಿಗೆ ಸಿಗುತ್ತಿದ್ದದ್ದು ಸಂಬಳಕ್ಕಿಂತ ಹೆಚ್ಚಾಗಿ ಬದುಕಿಗೆ ಸಾಲುವಷ್ಟು ಭತ್ಯೆ, ಅದಕ್ಕೂ ಕಟ್ಟುನಿಟ್ಟಿನ ಲೆಕ್ಕ. ಆ ಹಣ ಬಂದದ್ದಾದರೂ ಎಲ್ಲಿಂದ? 1855ರಲ್ಲಿ ಬಾಸೆಲ್ಲಿನ ಕಾರ್ಲ್ ಸಾರಾಸಿನ್ ಶುರುಮಾಡಿದ ಅರ್ಧ ಬಾಟ್ಸನ್ ವಂತಿಗೆಯಿಂದ ಒಂದು ದೊಡ್ಡ ಪಾಲು. ಹಳ್ಳಿಯ ಕೂಲಿಯವರು, ಮನೆಗೆಲಸದ ಹುಡುಗಿಯರು ವಾರಕ್ಕೊಂದು ಚಿಲ್ಲರೆ ಕಾಸು ಕೊಟ್ಟು ಮಿಶನ್ನನ್ನು ಸಾಕಿದರು. ನಮ್ಮಲ್ಲಿ ಬಿಳಿಯ ಪಾದ್ರಿಯೆಂದರೆ ಸರ್ಕಾರದ ದುಡ್ಡಿನವನು ಎಂಬ ಕಲ್ಪನೆ ಗಟ್ಟಿಯಾಗಿ ಕೂತಿದೆ. ಈ ಜರ್ಮನರು ಬ್ರಿಟಿಷ್ ಸರ್ಕಾರದವರಲ್ಲ ಎಂಬುದು 1914ರಲ್ಲಿ ಯುದ್ಧ ಬಂದಾಗ ಚೆನ್ನಾಗಿಯೇ ಗೊತ್ತಾಯಿತು. ಅವರನ್ನು ಶತ್ರುಗಳೆಂದು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು, ಮನೆಮಂದಿಯನ್ನು ಹಡಗು ಹತ್ತಿಸಿದರು, ಹೆಂಚಿನ ಕಾರ್ಖಾನೆಗಳು ಕೈಬಿಟ್ಟುಹೋದವು.

ಎಲ್ಲಕ್ಕಿಂತ ದುಬಾರಿಯಾದದ್ದು ಮಕ್ಕಳ ಬಾಬತ್ತು. ಬಾಸೆಲ್ ಮಿಶನ್ನಿನವರ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಯುರೋಪಿಗೆ ಹೋಗಬೇಕು. ಅವರಿಗಾಗಿ ಬಾಸೆಲ್ಲಿನಲ್ಲಿ 1850ರ ದಶಕದಲ್ಲಿ ವಸತಿನಿಲಯವೇ ಆಯಿತು. ಹಡಗು ಹತ್ತಿಸಿದ ಮಗುವನ್ನು ತಾಯಿ ಮತ್ತೆ ಕಾಣುವುದು ಹತ್ತು ವರ್ಷದ ಮೇಲೆ, ಅಥವಾ ಇಲ್ಲವೇ ಇಲ್ಲ.

ತಲಶ್ಶೇರಿಯ ಹೆರ್ಮನ್ ಗುಂಡರ್ಟ್ ಮನೆಯಲ್ಲಿ ಆದದ್ದು ಇದೇ. ಕನ್ನಡಕ್ಕೆ ಕಿಟ್ಟೆಲ್ ಹೇಗೋ ಮಲಯಾಳಕ್ಕೆ ಗುಂಡರ್ಟ್ ಹಾಗೆ. 1872ರ ಅವರ ನಿಘಂಟನ್ನು ಕೇರಳದವರು ಇವತ್ತಿಗೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಹೆಂಡತಿ ಜೂಲಿ ಫ್ರೆಂಚ್ ಮಾತಿನ ಸ್ವಿಸ್ ಹೆಣ್ಣುಮಗಳು, ಮಲಬಾರಿನಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದವಳು. ಮಗಳು ಮರೀ ಹುಟ್ಟಿದ್ದು 1842ರಲ್ಲಿ. ರಜೆಯಲ್ಲಿ ಊರಿಗೆ ಹೋದ ಗಂಡಹೆಂಡಿರು ಮಕ್ಕಳನ್ನು ಅಲ್ಲಿಯೇ ಬಿಟ್ಟು ಮರಳಿದಾಗ ಮರೀ ಇನ್ನೂ ಪುಟ್ಟ ಮಗು. ಅವಳು ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ, ಬೆಳೆದ ಹುಡುಗಿಯಾಗಿ. ಬಾಲ್ಯದಲ್ಲಿ ನೋಡಿದ್ದ ಅಪ್ಪ ಅಮ್ಮ ಅವಳಿಗೆ ಕಾಗದದ ಮೇಲಿನ ಅಕ್ಷರವಾಗಿ ಮಾತ್ರ ಉಳಿದಿದ್ದರು.

ಮುಂದೆ ಆ ಮರೀಯೇ ಮಿಶನರಿಯೊಬ್ಬನ ಕೈಹಿಡಿದು ಸಿಂಧ್‌ನ ಹೈದರಾಬಾದಿನಲ್ಲಿ ಸಂಸಾರ ಮಾಡಿದಳು. 1870ರಲ್ಲಿ ಗಂಡ ಚಾರ್ಲ್ಸ್ ಐಸನ್‌ಬರ್ಗ್ ತೀರಿಕೊಂಡ. ಇಬ್ಬರು ಗಂಡುಮಕ್ಕಳೊಂದಿಗೆ ಅಪ್ಪನಿದ್ದ ಜರ್ಮನಿಯ ಕಾಲ್ವ್ ಎಂಬ ಪುಟ್ಟ ಊರಿಗೆ ಬಂದಳು. ಅಲ್ಲಿ 1874ರಲ್ಲಿ ಯೋಹಾನ್ನೆಸ್ ಹೆಸ್ಸೆಯನ್ನು ಮದುವೆಯಾದಳು. ಈತ ಮಂಗಳೂರಿನ ಮಿಶನ್ ಸೆಮಿನರಿಯಲ್ಲಿ ಪಾಠ ಹೇಳಿ, ಇಲ್ಲಿನ ಹವೆಗೆ ದೇಹ ತಾಳದೆ 1873ರಲ್ಲಿ ಹಿಂದಿರುಗಿದವನು. ಇವರ ಮಗ 1877ರಲ್ಲಿ ಹುಟ್ಟಿದ ಹರ್ಮನ್ ಹೆಸ್ಸೆ, ‘ಸಿದ್ಧಾರ್ಥ’ದ ಕರ್ತೃ. ಮುಂದೆ ಬಾಸೆಲ್ಲಿಗೆ ಹೋದ ಅಪ್ಪ ಅಮ್ಮ ಅದೇ ಊರಿನಲ್ಲಿದ್ದಾಗಲೂ ತುಂಟ ಹುಡುಗ ಹರ್ಮನ್‌ನನ್ನು ಸ್ವಲ್ಪ ಕಾಲ ಮಿಶನ್ನಿನ ಹುಡುಗರ ವಸತಿನಿಲಯದಲ್ಲಿ ಇರಿಸಿದ್ದರು, ಭಾನುವಾರ ಮಾತ್ರ ಮನೆಗೆ. ಮಕ್ಕಳನ್ನು ದೂರವಿಟ್ಟು ಬೆಳೆಸುವುದು ಆ ಮನೆತನಕ್ಕೆ ಒಗ್ಗಿಹೋಗಿತ್ತೇನೋ! ಮರೀ ಜೀವಮಾನವೆಲ್ಲ ದಿನಚರಿ ಬರೆದಳು. ಅದನ್ನೂ ಕಾಗದಗಳನ್ನೂ ಮಗಳು ಆಡೆಲೆ 1934ರಲ್ಲಿ ಪುಸ್ತಕ ಮಾಡಿದಳು. ಇನ್ನು ಮಗ 1911ರಲ್ಲಿ ಅಜ್ಜ ಅಮ್ಮಂದಿರ ಭಾರತವನ್ನು ನೋಡಲೆಂದು ಹೊರಟು ಸಿಂಹಳ, ಸಿಂಗಾಪುರ, ಸುಮಾತ್ರಗಳನ್ನು ಸುತ್ತಿದ. ಭಾರತದ ನೆಲವನ್ನು ತುಳಿಯದೆಯೇ ಹಿಂದಿರುಗಿದ. ತಲಶ್ಶೇರಿಯನ್ನಾಗಲಿ ಮಂಗಳೂರನ್ನಾಗಲಿ ಅವನು ಕಾಣಲೇ ಇಲ್ಲ.

ನಮ್ಮ ಕರಾವಳಿಯ ಓದುಗರಿಗೆ ಇದು ಬಹಳ ಪರಕೀಯವೆನಿಸಲಾರದು. ಅಪ್ಪ ಕೊಲ್ಲಿ ದೇಶದಲ್ಲಿದ್ದು, ಎರಡು ವರ್ಷಕ್ಕೊಮ್ಮೆ ಬರುವಾಗ ಅವನ ಮುಖ ನೋಡಿ ಅಜ್ಜಿಯ ಸೆರಗಿನಲ್ಲಿ ಅಡಗಿದ ಮಕ್ಕಳು ಇಲ್ಲಿ ಮನೆಮನೆಯಲ್ಲಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ ಸಂಸಾರಗಳ ಅಧ್ಯಯನ ಮಾಡುವಾಗ ಇಂಥ ಮಕ್ಕಳನ್ನು ಮೂರನೆಯ ಸಂಸ್ಕೃತಿಯ ಮಕ್ಕಳು ಎಂದು ಕರೆದರು. ತಾಯ್ನಾಡಿನವರೂ ಅಲ್ಲ, ಬೆಳೆದ ನಾಡಿನವರೂ ಅಲ್ಲ. ಕೊಡೈಕೆನಾಲ್, ಊಟಿ, ಮಸ್ಸೂರಿಗಳಲ್ಲಿ ಬೋರ್ಡಿಂಗ್ ಶಾಲೆಗಳು ಬಂದ ಮೇಲೆ ಕಡಲು ದಾಟುವುದು ತಪ್ಪಿತು, ಅಗಲಿಕೆ ತಪ್ಪಲಿಲ್ಲ.

ಇಂಥ ಮನೆಗಳಲ್ಲಿ ಸ್ತೋತ್ರ ಒಂದು ಕಡ್ಡಾಯವೂ ಆಗಿಬಿಡುತ್ತಿತ್ತು ಎಂಬುದನ್ನು ಮುಚ್ಚಿಡಬಾರದು. ಕಾಗದಗಳನ್ನು ಊರಿನಲ್ಲಿ ಓದುವವರು ಕಾಸು ಕೊಡುವವರು. 1828ರಿಂದ ಬರುತ್ತಿದ್ದ ಮಿಶನ್ ಪತ್ರಿಕೆಯಲ್ಲಿ ಅವು ಅಚ್ಚಾಗುತ್ತಿದ್ದವು. ಮಗು ಸತ್ತ ಮೂರನೆಯ ವಾರದಲ್ಲಿ ತಾಯಿ ಕರ್ತನ ಚಿತ್ತಕ್ಕೆ ತಲೆಬಾಗಿದ್ದೇನೆ ಎಂದು ಬರೆದರೆ, ಅದು ನಂಬಿಕೆಯೋ ಬರೆಯಲೇಬೇಕಾದ ವಾಕ್ಯವೋ ಹೇಳುವುದು ಕಷ್ಟ. ಇವತ್ತಿನ ಮಿಶನರಿ ಸಂಸಾರಗಳು ಬೆಂಬಲಿಗರಿಗೆ ತಿಂಗಳಿಗೊಮ್ಮೆ ಕಳಿಸುವ ಪ್ರಾರ್ಥನಾ ಪತ್ರಗಳಲ್ಲೂ ಇದೇ ಇಕ್ಕಟ್ಟು. ಮೊದಲು ಸ್ತೋತ್ರದ ವಿಷಯಗಳು: ವೀಸಾ ಆಯಿತು, ನಲ್ಲಿಯಲ್ಲಿ ನೀರು ಬಂತು, ಮಗಳು ಹೊಸ ಭಾಷೆಯಲ್ಲಿ ಗೆಳತಿಯನ್ನು ಸಂಪಾದಿಸಿಕೊಂಡಳು. ಆಮೇಲೆ ಬಿನ್ನಹದ ವಿಷಯಗಳು. ನನಗೆ ಬೇಸರವಾಗಿದೆ, ಊರಿಗೆ ಹೋಗಬೇಕೆನಿಸಿದೆ ಎಂಬ ವಿಷಯಕ್ಕೆ ಎರಡು ಪಟ್ಟಿಯಲ್ಲೂ ಜಾಗವಿಲ್ಲ.

ಹಾಗೆಂದು ಎಣಿಕೆಯೇ ನಾಟಕ ಎನ್ನಲಾರೆ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕ್‌ಕಲ್ಲೋ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಹತ್ತು ವಾರ, ವಾರಕ್ಕೊಮ್ಮೆ, ಕೃತಜ್ಞರಾಗಬಹುದಾದ ಐದರವರೆಗಿನ ಸಂಗತಿ ಬರೆಯಲು ಹೇಳಿದರು. ಇನ್ನೊಂದು ಗುಂಪಿಗೆ ಕಿರಿಕಿರಿಗಳನ್ನು. ಮೊದಲಿನವರು ಬದುಕಿನ ಬಗ್ಗೆ ಹೆಚ್ಚು ನೆಮ್ಮದಿ ತೋರಿಸಿದರು. ಮಿಶನರಿ ಅಜ್ಜಿಯರು ಇದನ್ನು ಕೇಳಿದ್ದರೆ ಇಷ್ಟಕ್ಕೆ ವಿಶ್ವವಿದ್ಯಾಲಯ ಬೇಕಿತ್ತೇ ಎಂದು ನಗುತ್ತಿದ್ದರು.

ನಕ್ಕೇ ನಗುತ್ತಿದ್ದವಳು ಎವ್ಲಿನ್ ಬ್ರ್ಯಾಂಡ್, ಆ ಹುಡುಗ ಪಾಲ್‌ನ ತಾಯಿ. ಲಂಡನ್ನಿನ ಅನುಕೂಲಸ್ಥರ ಮನೆಯ ಹುಡುಗಿ, ಚಿತ್ರ ಬರೆಯುವವಳು. 1913ರಲ್ಲಿ ಜೆಸ್ಸಿಯನ್ನು ಮದುವೆಯಾಗಿ, ಮದುವೆಯ ಬೆನ್ನಲ್ಲೇ ಮಳೆಯಲ್ಲಿ ಕೊಲ್ಲಿಮಲೈ ಹತ್ತಿದಳು. ರಸ್ತೆಯಿಲ್ಲ, ದೀಪವಿಲ್ಲ, ಬೆಟ್ಟದ ಜನಕ್ಕೆ ಇವರ ಮೇಲೆ ನಂಬಿಕೆಯಿಲ್ಲ. ಗಂಡ ಹಲ್ಲು ಕೀಳುವುದು, ಹುಣ್ಣಿಗೆ ಮದ್ದು ಹಾಕುವುದು, ಹಣ್ಣಿನ ಗಿಡ ನೆಡಿಸುವುದು, ಮರಗೆಲಸ ಎಲ್ಲ ಮಾಡಿದ. ವರ್ಷಗಳ ಕಾಲ ಒಬ್ಬರೂ ಕ್ರೈಸ್ತರಾಗಲಿಲ್ಲ. ಇನ್‌ಫ್ಲುಯೆಂಜಾ ಬಂದಾಗ ಹತ್ತಿರದ ಗುಡಿಯ ಪೂಜಾರಿಯೇ ಕಾಯಿಲೆ ಬಿದ್ದ. ಹತ್ತಿರ ಸುಳಿಯಲು ಊರವರು ಹೆದರಿದಾಗ ಜೆಸ್ಸಿ, ಎವ್ಲಿನ್ ಇಬ್ಬರೂ ಶುಶ್ರೂಷೆ ಮಾಡಿದರು. ಸಾಯುವಾಗ ಆತ ತನ್ನ ಹಸುಗೂಸನ್ನು ಇವರ ಮಡಿಲಿಗೆ ಹಾಕಿದ. ಆಮೇಲೆ ಬೇರೆಯವರೂ ಮಕ್ಕಳನ್ನು ತಂದು ಕೊಟ್ಟರು. ಸ್ವಂತ ಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಿಟ್ಟು ಪರರ ಮಕ್ಕಳನ್ನು ಬೆಟ್ಟದಲ್ಲಿ ಸಾಕಿದಳು ಎಂದು ಆಕೆಯನ್ನು ಮೆಚ್ಚಬೇಕೋ ದೂರಬೇಕೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ವಯಸ್ಸು ಎಪ್ಪತ್ತರ ಹತ್ತಿರವಾದಾಗ ಮಿಶನ್ ಆಕೆಗೆ ನಿವೃತ್ತಿ ಎಂದಿತು. ಇನ್ನೊಂದು ವರ್ಷ ಕೊಡಿ ಎಂದು ಕಾಡಿ ಬೇಡಿ ಬಂದಳು. ವರ್ಷ ಮುಗಿದ ಮೇಲೆ ಮಿಶನ್ನಿಗೆ ರಾಜೀನಾಮೆ ಕೊಟ್ಟು ಸ್ವಂತ ಜವಾಬ್ದಾರಿಯಲ್ಲಿ ಕಲ್ರಾಯನ್ ಮತ್ತಿತರ ಬೆಟ್ಟಗಳಿಗೆ ಹೊರಟಳು. ಕುದುರೆಯಿಂದ ಬಿದ್ದಳು, ಮೂಳೆ ಮುರಿದುಕೊಂಡಳು, ಎರಡು ಬಿದಿರು ಕೋಲು ಊರಿ ನಡೆದಳು. ಬೆಟ್ಟದವರಿಗೆ ಆಕೆ ಪಾಟಿ, ಹೊರಗಿನವರಿಗೆ ಗ್ರ್ಯಾನಿ ಬ್ರ್ಯಾಂಡ್. ಕೊನೆಯ ಇಪ್ಪತ್ತು ವರ್ಷ ಮನೆಯಲ್ಲಿ ಕನ್ನಡಿ ಇಟ್ಟುಕೊಳ್ಳಲಿಲ್ಲ ಎಂದು ಮಗ ನೆನೆಯುತ್ತಾರೆ. ಮುಖದ ಸುಕ್ಕನ್ನು ಲೆಕ್ಕ ಹಾಕುವ ಕೆಲಸವೊಂದನ್ನು ಆಕೆ ಹಾಗೆ ಕಡಿಮೆ ಮಾಡಿಕೊಂಡಳು. 1974ರಲ್ಲಿ, 95ರ ವಯಸ್ಸಿನಲ್ಲಿ ತೀರಿಕೊಂಡಾಗ ಕೊಲ್ಲಿಮಲೈಯಲ್ಲಿ ಗಂಡನ ಪಕ್ಕದಲ್ಲೇ ಮಣ್ಣು ಮಾಡಿದರು.

ಮಗ ಪಾಲ್ 1946ರಲ್ಲಿ ವೇಲೂರಿನ ಸಿಎಂಸಿ ಆಸ್ಪತ್ರೆಗೆ ಶಸ್ತ್ರವೈದ್ಯನಾಗಿ ಬಂದರು. ಹೆಂಡತಿ ಮಾರ್ಗರೆಟ್ ಕಣ್ಣಿನ ವೈದ್ಯೆ, ಆರು ಮಕ್ಕಳ ಸಂಸಾರ. ಕುಷ್ಠರೋಗದವರ ಬೆರಳು ಕೊಳೆತು ಉದುರುತ್ತವೆ ಎಂದೇ ಆಗ ಎಲ್ಲರೂ ತಿಳಿದಿದ್ದರು. ಬ್ರ್ಯಾಂಡ್ ಪರೀಕ್ಷಿಸಿ ನೋಡಿದರು: ಮಾಂಸಕ್ಕೆ ದೋಷವಿಲ್ಲ, ನೋವು ತಿಳಿಯುವ ನರ ಸತ್ತಿದೆ. ಬಿಸಿ ಪಾತ್ರೆ ಹಿಡಿದರೂ ಗೊತ್ತಾಗದು, ಮುಳ್ಳು ಚುಚ್ಚಿದರೂ ಗೊತ್ತಾಗದು. ರಾತ್ರಿ ಮಲಗಿದಾಗ ಇಲಿ ಬೆರಳು ಕಚ್ಚಿದರೂ ಎಚ್ಚರವಾಗದು. ಇದು ಪತ್ತೆಯಾದ ಮೇಲೆ ಚಿಕಿತ್ಸೆ ಮುಗಿಸಿ ಮನೆಗೆ ಹೋಗುವವರ ಜೊತೆ ಒಂದೊಂದು ಬೆಕ್ಕನ್ನೂ ಕಳಿಸುತ್ತಿದ್ದರು.

ಒಮ್ಮೆ ಇಂಗ್ಲೆಂಡಿನಲ್ಲಿ ರೈಲಿನ ದೀರ್ಘ ಪ್ರಯಾಣ ಮುಗಿಸಿ ಕೋಣೆಗೆ ಬಂದು ಕಾಲುಚೀಲ ತೆಗೆದಾಗ ಬ್ರ್ಯಾಂಡ್ ಅವರಿಗೆ ಹಿಮ್ಮಡಿಯಲ್ಲಿ ಸ್ಪರ್ಶವೇ ಇರಲಿಲ್ಲ. ಸೂಜಿ ಚುಚ್ಚಿಕೊಂಡರು, ರಕ್ತ ಬಂತು, ನೋವಿಲ್ಲ. ಕುಷ್ಠ ತನಗೂ ಅಂಟಿತೆಂದು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಳೆದರು. ಬೆಳಿಗ್ಗೆ ಮತ್ತೆ ಚುಚ್ಚಿದಾಗ ಚೀರುವಷ್ಟು ನೋವಾಯಿತು. ಕೂತ ಭಂಗಿಗೆ ನರ ಮರಗಟ್ಟಿತ್ತು, ಅಷ್ಟೆ. ಆ ನೋವಿನಷ್ಟು ಹಿತವಾದದ್ದನ್ನು ಬಾಳಿನಲ್ಲಿ ಕಾಣೆ ಎಂಬರ್ಥದಲ್ಲಿ ಅವರು ಬರೆದರು. ಲೇಖಕ ಫಿಲಿಪ್ ಯಾನ್ಸಿ ಜೊತೆ ಸೇರಿ ನೋವನ್ನು ಕೊಡುಗೆಯೆಂದು ವಾದಿಸುವ ಪುಸ್ತಕವನ್ನೇ 1993ರಲ್ಲಿ ಹೊರತಂದರು. ವರಗಳ ಪಟ್ಟಿಯಲ್ಲಿ ನೋವಿಗೆ ಜಾಗ ಕೊಟ್ಟ ಇನ್ನೊಬ್ಬರನ್ನು ನಾನು ಕಾಣೆ. ವೈದ್ಯನಾಗಿ ಸಾಕ್ಷ್ಯ ಹಿಡಿದು ಹೇಳಿದ್ದರಿಂದ ಅದು ನಂಬುವಂತಿದೆ. ಬೇರೆಯವರು ಪೀಠದಲ್ಲಿ ನಿಂತು ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಒಪ್ಪಲು ಕಷ್ಟವಾಗುವ ಇನ್ನೊಂದು ಮನೆ ಒಡಿಶಾದ ಬಾರಿಪದಾದಲ್ಲಿತ್ತು. ಅಲ್ಲಿನ ಕುಷ್ಠರೋಗಿಗಳ ಆಶ್ರಮದಲ್ಲಿ ದಶಕಗಳಿಂದ ದುಡಿಯುತ್ತಿದ್ದ ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ ಮತ್ತು ಗಂಡುಮಕ್ಕಳಾದ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿಯನ್ನು 1999ರ ಜನವರಿಯ ರಾತ್ರಿ ಮನೋಹರಪುರದಲ್ಲಿ ಮಲಗಿದ್ದ ವಾಹನದಲ್ಲೇ ಸುಟ್ಟು ಕೊಂದರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು; ಮಗಳೊಂದಿಗೆ ಇನ್ನೂ ಐದು ವರ್ಷ ಅಲ್ಲಿಯೇ ಇದ್ದು ಕೆಲಸ ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮತಾಂತರದ ಬಗ್ಗೆ ನಮ್ಮ ನಮ್ಮ ಅಭಿಪ್ರಾಯ ಏನೇ ಇರಲಿ, ಆ ಹೆಂಗಸಿನ ಮುಂದೆ ಅದನ್ನು ಎತ್ತುವ ಧೈರ್ಯ ನನಗಂತೂ ಇಲ್ಲ.

ಈಗ ಪಟ್ಟಿಯಲ್ಲಿ ಬಿಟ್ಟುಹೋದವರ ಮಾತು. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮಡಿಕೇರಿಗಳ ಮಿಶನ್ ಬಂಗಲೆಗಳಲ್ಲಿ ಮಗು ಮೊದಲು ಕಲಿತ ಮಾತು ಆಯಾ ಆಡಿದ್ದು. ಜ್ವರದ ರಾತ್ರಿ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದವಳು ಅವಳು. ಕಳ್ಳಿನಿಂದ ಬ್ರೆಡ್ಡು ಉಬ್ಬಿಸಿದವನು ಬಟ್ಲರ್. ಉಕ್ಕಿದ ಹೊಳೆಯಲ್ಲಿ ಊರಿನ ಕಾಗದವನ್ನು ತಲೆಯ ಮೇಲಿಟ್ಟು ದಾಟಿಸಿದವನು ಅಂಚೆಯ ಓಟಗಾರ. ವ್ಯಾಕರಣದ ಸಂದೇಹ ಬಿಡಿಸಿದವರು ಪಂಡಿತರು, ಮುನ್ಶಿಗಳು. ಇವರನ್ನು ದೇವರು ಕೊಟ್ಟ ಅನುಕೂಲವೆಂದು ಎಣಿಸಿದ ಕಾಗದಗಳುಂಟು, ಹೆಸರಿಟ್ಟು ಎಣಿಸಿದ್ದು ಅಪರೂಪ. ಓಟ್‌ಮನ್‌ನ ಹಾಡೇನೋ ಒಂದೊಂದನ್ನೂ ಹೆಸರಿಸು ಎನ್ನುತ್ತದೆ. ಬಾಸೆಲ್ಲಿನ ಪತ್ರಾಗಾರದಲ್ಲಿ ಸಾವಿರಾರು ಹಳೆಯ ಫೋಟೋಗಳಿವೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಕುರ್ಚಿಯಲ್ಲಿ ಕೂತ ಮಿಶನರಿ ದಂಪತಿಯ ಹೆಸರು, ಇಸವಿ, ಊರು ಬರೆದಿರುತ್ತದೆ. ಹಿಂದೆ ನಿಂತು ಮಗುವನ್ನು ಎತ್ತಿಕೊಂಡ ಹೆಂ­ಗಸಿನ ಹೆಸರು ಬಹುಪಾಲು ಇರುವುದಿಲ್ಲ.

ಆ ಹೆಸರುಗಳು ಎಲ್ಲಾದರೂ ಇದ್ದರೆ ಅವರ ಮೊಮ್ಮಕ್ಕಳ ಮನೆಗಳಲ್ಲಿ ಇರಬೇಕು. ನಿಮ್ಮ ಮುತ್ತಜ್ಜಿ ಪಾದ್ರಿಯವರ ಬಂಗಲೆಯಲ್ಲಿ ಆಯಾ ಆಗಿದ್ದರು, ಅಜ್ಜ ಮಿಶನ್ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು, ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿದ್ದರು ಎಂಬ ಮಾತು ಮನೆಯಲ್ಲಿ ಓಡಾಡುತ್ತಿದ್ದರೆ, ಹಿರಿಯರನ್ನು ಕೇಳಿ ಹೆಸರು, ಊರು, ಸುಮಾರು ಇಸವಿ ಬರೆದಿಟ್ಟುಕೊಳ್ಳಿ. ಫೋಟೋ ಇದ್ದರೆ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರವಿದೆ. ಮೂಲ ನಿಮ್ಮಲ್ಲೇ ಇರಲಿ, ಒಂದು ಪ್ರತಿಯನ್ನು ಅಲ್ಲಿಗೆ ಕೊಡಿ.